ಬಾದಾಮಿ ಎಲೆ ನೆನೆದ ನೀರು

ಅಂಗಳದ ನಳ್ಳಿಯ ಕೆಳಗೆ ಮರೆತು ಬಿಟ್ಟಿದ್ದ ಬಕೆಟಿನಲ್ಲಿ ಬಾದಾಮಿ ಮರದ ಒಣ ಎಲೆಗಳು ಬಿದ್ದು ನೆನೆದಿದ್ದವು. ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತ್ತು. ಚೆಲ್ಲಲು ಬಗ್ಗಿದೆ. ಒದ್ದೆ ತೊಗಟೆಯಂಥ, ಸ್ವಲ್ಪ ಒಗರಾದ ಆ ವಾಸನೆ ಮೂಗಿಗೆ ತಾಗಿದಾಗ ಬೆನ್ನ ಹಿಂದೆ ಯಾರೋ ಕರೆದ ಹಾಗಾಯಿತು. "ಎಲೆ ಬಿತ್ತಾ ಮಗಾ?"

ತಿರುಗಿ ನೋಡಲಿಲ್ಲ. ಅಲ್ಲಿರುವುದು ಕಂಪೌಂಡ್ ಗೋಡೆ ಮಾತ್ರ ಎಂದು ಗೊತ್ತಿತ್ತು.

ಆ ಗೋಡೆಯ ಆಚೆ ಇದ್ದವರನ್ನು ನಾನು ತಾಂಡೇಲ ಮಾವ ಎನ್ನುತ್ತಿದ್ದೆ. ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ, ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯವರು. ಮಲ್ಪೆಯ ಬೋಟುಗಳಲ್ಲಿ ತಾಂಡೇಲರಾಗಿದ್ದರು. ಎಲ್ಲಿ ಬಲೆ ಬಿಡಬೇಕು, ಯಾವಾಗ ದಡಕ್ಕೆ ತಿರುಗಬೇಕು ಎಂದು ಹೇಳುವವರು ಅವರೇ, ಅವರ ಮಾತಿಗೆ ಬೋಟಿನಲ್ಲಿ ಎದುರು ಮಾತಿರಲಿಲ್ಲವಂತೆ. ಸೊಂಟನೋವಿಗೆ ಕಡಲು ಬಿಟ್ಟ ಮೇಲೆ ಚಾವಡಿಯಲ್ಲಿ ಗೋಡೆಯುದ್ದದ ಗಾಜಿನ ತೊಟ್ಟಿ ಇಟ್ಟು ಮೀನು ಸಾಕತೊಡಗಿದರು. ಬಂದರಿನ ಗೆಳೆಯರು ಸುಮ್ಮನಿರುತ್ತಾರೆಯೇ?

"ಇಷ್ಟು ವರ್ಷ ಹಿಡಿದದ್ದಕ್ಕೆ ಪ್ರಾಯಶ್ಚಿತ್ತವಾ ಮಾರಾಯ್ರೆ? ಎಷ್ಟು ದೊಡ್ಡ ಆದ ಮೇಲೆ ಸಾರಿಗೆ?"

"ಮೊದಲು ನಿನ್ನನ್ನು ಒಳಗೆ ಹಾಕ್ತೇನೆ. ಉಪ್ಪು ಖಾರ ಸರಿ ಉಂಟಾ ಅಂತ ಅವು ಹೇಳಲಿ," ಎಂದು ಮಾವ ನಗುತ್ತಿದ್ದರು.

ತೊಟ್ಟಿಯಲ್ಲಿದ್ದದ್ದು ದಕ್ಷಿಣ ಅಮೆರಿಕದ ನದಿಗಳ ಸಿಕ್ಲಿಡ್ ಮೀನುಗಳು. ಸೆವೆರಮ್ ಎಂಬ ಜಾತಿಯದೊಂದು ಜೋಡಿ, ಅಂಗೈಗಿಂತ ಅಗಲ, ಹಣ್ಣಾಗುತ್ತಿರುವ ಮಾವಿನಕಾಯಿಯ ಬಣ್ಣ. ಇನ್ನು ಕೆಲವು ಜಿಯೋಫೇಗಸ್. ಅವು ಇಡೀ ದಿನ ಮರಳನ್ನು ಬಾಯಿಗೆ ತುಂಬಿಕೊಂಡು ಕಿವಿರಿನಿಂದ ಸೋಸಿ ಬಿಡುತ್ತಿದ್ದವು. ಎಲ್ಲ ದೊಡ್ಡ ಮೈಯ ಸಾಧು ಮೀನುಗಳು. ಅವುಗಳ ನದಿಗಳಲ್ಲಿ ಎಲೆ ಕೊಳೆತು ನೀರು ಕಂದಾಗಿರುತ್ತದಂತೆ. ಅದಕ್ಕೇ ನಮ್ಮ ಮರದ ಎಲೆ. ಹುಳ ತಿನ್ನದ, ತಾನಾಗಿ ಬಿದ್ದ ಎಲೆಗಳನ್ನು ಆರಿಸಿ ನಾನು ಗೋಡೆಯ ಮೇಲಿಂದ ಕೊಡುತ್ತಿದ್ದೆ.

ಅವುಗಳಿಗೆ ಜೊತೆ ಹುಡುಕುವುದರಲ್ಲಿ ಮಾವನಿಗೆ ಅವಸರವಿರಲಿಲ್ಲ. ತೀರಾ ಸಣ್ಣ ಮೀನು ಬಿಟ್ಟರೆ ಸಾಧುವೂ ನುಂಗುತ್ತದೆ. ರೆಕ್ಕೆ ಕಚ್ಚುವಂಥದ್ದನ್ನು ಬಿಟ್ಟರೆ ಇವು ಮೂಲೆ ಸೇರಿ ಊಟ ಬಿಡುತ್ತವೆ. ಜಗಳಗಂಟ ಜಾತಿಯಂತೂ ಬೇಡವೇ ಬೇಡ, ಇವುಗಳಿಗೆ ತಿರುಗಿ ಹೊಡೆಯಲು ಬರುವುದಿಲ್ಲ. ಕೊನೆಗೆ ತಟ್ಟೆಯಂತೆ ಚಪ್ಪಟೆಯಾದ, ಗುಂಪಿನಲ್ಲೇ ಓಡಾಡುವ ಸಿಲ್ವರ್ ಡಾಲರ್ ಮೀನುಗಳನ್ನು ಒಪ್ಪಿದ್ದರು. ತಳಕ್ಕೊಂದು ಮೀಸೆಯ ಮೀನು. ಹೊಸದಾಗಿ ತಂದದ್ದನ್ನು ಮೊದಲು ಪಕ್ಕದ ಸಣ್ಣ ತೊಟ್ಟಿಯಲ್ಲಿ ಬಿಟ್ಟು, ಗಾಜಿನ ಆಚೆ ಈಚೆ ಒಂದೇ ಹೊತ್ತಿಗೆ ಆಹಾರ ಹಾಕಿ ನೋಡುತ್ತಾ ಕುಳಿತಿರುತ್ತಿದ್ದರು.

"ಬೋಟಿಗೆ ಜನ ತೆಗೆದುಕೊಳ್ಳುವಾಗಲೂ ಹಾಗೇ ಮಗಾ. ಬಲೆ ಎಳೆಯುವಾಗ ಎಲ್ಲರೂ ಒಳ್ಳೆಯವರೇ. ಊಟದ ಹೊತ್ತಿಗೆ ನೋಡಬೇಕು."

ಸೆವೆರಮ್ ಜೋಡಿ ಮೊದಲ ಸಲ ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆ ಇಟ್ಟಿದ್ದ ದಿನಗಳಲ್ಲೇ ಮಾವನ ಒಬ್ಬಳೇ ಮಗಳಿಗೆ ಕಾರ್ಕಳದ ಕಡೆಯಿಂದ ಸಂಬಂಧ ಬಂತು. ಅವಳು ಮಣಿಪಾಲದಲ್ಲಿ ಕೆಲಸಕ್ಕಿದ್ದಳು. ಹುಡುಗನ ಮನೆಯವರು ವ್ಯಾಪಾರಸ್ಥರು, ಅನುಕೂಲಸ್ಥರು. ತಾಂಡೇಲನ ಮಗಳಿಗೆ ಅಂಥ ಮನೆ ಸಿಕ್ಕಿತಲ್ಲ ಎಂದು ಊರಿನವರು ಆಡಿಕೊಂಡರು. ಮಾವನಿಗೂ ಹಾಗೇ ಅನ್ನಿಸಿರಬೇಕು... ಫೋನಿನಲ್ಲಿ ಅವರೊಡನೆ ಮಾತಾಡುವಾಗ ಎದ್ದು ನಿಲ್ಲುತ್ತಿದ್ದರು.

ನಿಶ್ಚಯದ ದಿನ ಗೊತ್ತುಮಾಡಲು ಅವರು ಬಂದದ್ದು ಒಂದು ಭಾನುವಾರ. ಸೆವೆರಮ್ ಜೋಡಿ ಆಗ ಮತ್ತೆ ಅದೇ ಕಲ್ಲಿನ ಮೇಲೆ ಮೊಟ್ಟೆ ಇಟ್ಟಿತ್ತು. ಮಾವನ ಹೆಂಡತಿ ಮೊದಲೇ ತೀರಿಕೊಂಡಿದ್ದರಿಂದ ಬಡಿಸಲು ನಾನೂ ಹೋಗಿದ್ದೆ. ಹಣ್ಣು, ಹೂವು, ಸಿಹಿತಿಂಡಿಯ ಜೊತೆಗೆ ಹುಡುಗನ ಸೋದರಮಾವ ಗಾಳಿ ತುಂಬಿಸಿದ ಪ್ಲಾಸ್ಟಿಕ್ ಚೀಲವೊಂದನ್ನು ಹಿಡಿದು ಒಳಗೆ ಬಂದರು. ಅದರಲ್ಲಿ ಹಣೆಯ ಮೇಲೆ ದೊಡ್ಡ ಗುಬುಟಿದ್ದ ಕೆಂಪು ಮೀನು. ಫ್ಲವರ್‌ಹಾರ್ನ್. ಮನೆಯಲ್ಲಿಟ್ಟರೆ ಅದೃಷ್ಟ ಎಂದು ಅಂಗಡಿಗಳಲ್ಲಿ ಇಡುತ್ತಾರಲ್ಲ, ಅದು.

ಮಾವ ಎರಡೂ ಕೈಯಲ್ಲಿ ಚೀಲ ತೆಗೆದುಕೊಂಡರು. "ತುಂಬಾ ಚಂದ ಉಂಟು. ಇದು ಒಂಟಿಯಾಗಿರುವ ಜಾತಿ, ಸದ್ಯ ಬೇರೆ ತೊಟ್ಟಿಯಲ್ಲಿ ಇಡುವಾ," ಎಂದರು.

"ಬೀಗರು ತಂದದ್ದನ್ನು ಬೇರೆ ಇಡುವುದುಂಟಾ?" ಸೋದರಮಾವ ದೊಡ್ಡದಾಗಿ ನಕ್ಕರು. "ಎಲ್ಲ ಮೀನೇ ಅಲ್ವಾ! ಕಡಲಿಗೆ ಹೆದರದ ತಾಂಡೇಲರು ಒಂದು ಮೀನಿಗೆ ಹೆದರುವುದಾ?"

ಎಲ್ಲರೂ ನಕ್ಕರು. ಒಳಬಾಗಿಲಲ್ಲಿ ನಿಂತಿದ್ದ ಮಗಳು, "ಅಪ್ಪಾ, ಬೇಡ," ಎಂದಳು. ಮೆಲ್ಲನೆ ಹೇಳಿದಳು, ಆದರೆ ಚಾವಡಿಗೆಲ್ಲ ಕೇಳಿತು.

ಮಾವ ಅವಳ ಕಡೆ ನೋಡಲಿಲ್ಲ. ಬೀಗರ ಕಡೆ ನೋಡಿ ತಾವೂ ನಕ್ಕರು. ಚೀಲದ ಬಾಯಿ ಬಿಚ್ಚಿ ದೊಡ್ಡ ತೊಟ್ಟಿಗೆ ಬಗ್ಗಿಸಿದರು.

ಅದು ಸ್ವಲ್ಪ ಹೊತ್ತು ಒಂದು ಮೂಲೆಯಲ್ಲಿ ನಿಂತಿತು. "ನೋಡಿ, ಎಷ್ಟು ಪಾಪ," ಎಂದರು ಸೋದರಮಾವ. ಗಂಡಸರು ಒಳಗಿನ ಕೋಣೆಯಲ್ಲಿ ಊಟಕ್ಕೆ ಕುಳಿತರು. ನಾನು ಕೋರಿ ರೊಟ್ಟಿಗೆ ಕೋಳಿ ಸಾರು ಬಡಿಸುತ್ತಿದ್ದೆ. ಮೊದಲ ಸದ್ದು ಕೇಳಿದ್ದು ಆಗ. ನೀರು ಗಾಜಿಗೆ ಬಡಿದ ಸದ್ದು, ಅದರ ಹಿಂದೆಯೇ ಮುಚ್ಚಳಕ್ಕೆ ಏನೋ ತಾಗಿದ ಸದ್ದು.

ತಾಂಡೇಲ ಮಾವನ ಕೈ ಬಾಳೆಲೆಯ ಮೇಲೆ ನಿಂತಿತು.

ಬೀಗರು ಇನ್ನೂ ಉಣ್ಣುತ್ತಿದ್ದರು. ಅವರ ಊಟ ಮುಗಿಯದೆ ಮನೆಯ ಯಜಮಾನ ಎಲೆಯಿಂದ ಏಳುವ ಪದ್ಧತಿ ನಮ್ಮಲ್ಲಿಲ್ಲ. ಮತ್ತೆ ಸದ್ದಾಯಿತು. ಹುಡುಗ ಮಾತ್ರ ಎಡಗೈಯಲ್ಲಿ ಮೊಬೈಲ್ ಹಿಡಿದು ಚಾವಡಿಗೆ ಹೋದ. "ಮಾವಾ, ಬನ್ನಿ, ಫೈಟಿಂಗ್ ಶುರುವಾಯ್ತು!" ಎಂದು ಅಲ್ಲಿಂದ ತನ್ನ ಸೋದರಮಾವನನ್ನು ಕೂಗಿದ. ಸೋದರಮಾವ ನಕ್ಕು ಇನ್ನಷ್ಟು ಸಾರು ಕೇಳಿದರು. ನಾನು ಬಡಿಸಿ ತಲೆಯೆತ್ತಿದಾಗ ತಾಂಡೇಲ ಮಾವ ನನ್ನನ್ನೇ ನೋಡುತ್ತಿದ್ದರು. ಆ ಕಣ್ಣಿನಲ್ಲಿ ಏನೋ ಕೇಳುತ್ತಿದ್ದರೋ, ಅಥವಾ ನೋಡಬೇಡ ಎನ್ನುತ್ತಿದ್ದರೋ... ಇವತ್ತಿಗೂ ನನಗೆ ಗೊತ್ತಿಲ್ಲ. ಮರುಕ್ಷಣ ತಲೆ ತಗ್ಗಿಸಿ, ರೊಟ್ಟಿ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು.

ಸಾರಿನ ಪಾತ್ರೆ ಹಿಡಿದು ನಾನು ಚಾವಡಿ ದಾಟುವಾಗ ಮಗಳು ಆಗಲೇ ತೊಟ್ಟಿಯ ಮುಂದೆ ಇದ್ದಳು. ಗಂಡು ಸೆವೆರಮ್ ಮೊಟ್ಟೆಯ ಕಲ್ಲಿಗೆ ಅಡ್ಡಲಾಗಿ ಬಿದ್ದಿತ್ತು, ಒಂದು ಕಣ್ಣು ಇರಲಿಲ್ಲ. ಕಲ್ಲು ಬರಿದಾಗಿತ್ತು. ಹೆಣ್ಣು ಮೀನು ಫಿಲ್ಟರಿನ ಹಿಂದೆ ಸೇರಿಕೊಂಡಿತ್ತು. ಹುಡುಗ ಇನ್ನೂ ವಿಡಿಯೋ ಮಾಡುತ್ತಿದ್ದ. ಅವಳು ಅವನನ್ನು ಸರಿಯಲು ಹೇಳಿ, ಕೈಬಲೆಯಲ್ಲಿ ಕೆಂಪು ಮೀನನ್ನು ಎತ್ತಿ ಪಕ್ಕದ ತೊಟ್ಟಿಗೆ ಹಾಕಿದಳು. ರವಕೆಯ ತೋಳೆಲ್ಲ ಒದ್ದೆ.

ಊಟ ಮುಗಿಸಿ ಬಂದ ಸೋದರಮಾವನ ಮುಖ ಕಪ್ಪಿಟ್ಟಿತು. "ಇದೆಂತ ಇದು? ನಾವು ತಂದದ್ದನ್ನು ತೆಗೆದು ಹಾಕಿದ್ದಾ?"

ಅವಳು ಅಪ್ಪನಿಗೆ ಹೇಳಿದಳು. "ಊಟದ ಹೊತ್ತಿಗೆ ನೋಡಬೇಕು ಅಂತ ನೀವೇ ಹೇಳಿದ್ದಲ್ವಾ ಅಪ್ಪಾ. ನಾನು ನೋಡಿದೆ. ಇವರ ಮನೆ ನನಗೆ ಬೇಡ." ಕೈಬಲೆಯನ್ನು ತೊಟ್ಟಿಯ ಮೇಲಿಟ್ಟು, "ಮೀನಿಗೆ ಬೇಡ ಅನ್ನಲು ನಿಮ್ಮಿಂದ ಆಗಲಿಲ್ಲ. ನಾಳೆ ಅಲ್ಲಿ ನನಗೆ ಏನಾದರೂ ಆದರೆ ಹೇಳುತ್ತೀರಾ?" ಎಂದಳು.

ಮಾವ ಎಂಜಲು ಕೈಯಲ್ಲೇ ನಿಂತಿದ್ದರು. ಕೈ ತೊಳೆಯಲು ನೀರು ಕೊಡಬೇಕು ಎಂದು ನನಗೂ ಹೊಳೆಯಲಿಲ್ಲ.

ಸಂಬಂಧ ಅಲ್ಲಿಗೇ ಮುಗಿಯಿತು. ಊರಿನವರು ಹುಡುಗಿಗೆ ಸೊಕ್ಕು ಎಂದರು. ಮಾವ ಮುಂದಿನ ವಾರ ಉಳಿದ ಸಾಧು ಮೀನುಗಳನ್ನೆಲ್ಲ ಮಣಿಪಾಲದಲ್ಲಿ ಮೀನು ಸಾಕುವ ಒಬ್ಬರಿಗೆ ಕೊಟ್ಟುಬಿಟ್ಟರು. ದೊಡ್ಡ ತೊಟ್ಟಿಯಲ್ಲಿ ಆ ಕೆಂಪು ಮೀನೊಂದನ್ನೇ ಇಟ್ಟುಕೊಂಡರು. ಮಗಳು ಅದನ್ನೇಕೆ ಇಟ್ಟುಕೊಂಡಿರಿ ಎಂದು ಕೇಳಿದಾಗ, "ಅದರದ್ದೆಂತ ತಪ್ಪು? ಬಿಟ್ಟದ್ದು ನಾನು," ಎಂದರಂತೆ. ನಮ್ಮ ಬಾದಾಮಿ ಮರ ಎಂದಿನಂತೆ ಎಲೆ ಉದುರಿಸಿತು. ಗೋಡೆಯ ಆಚೆಯಿಂದ ಯಾರೂ ಕೇಳಲಿಲ್ಲ. ದಾರಿಯಲ್ಲಿ ಎದುರಾದರೆ ಮಾವ ಚಪ್ಪಲಿ ನೋಡಿಕೊಂಡು ಮಾತಾಡುತ್ತಿದ್ದರು. ಏಳಲಾರದೆ ಎಲೆಯ ಮುಂದೆ ಕುಳಿತಿದ್ದ ಆ ಹೊತ್ತಿನಲ್ಲಿ ಅವರನ್ನು ನೋಡಿದವಳು ನಾನು. ಅದನ್ನು ನಾನು ಮರೆಯಲಾರೆ ಎಂದು ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತಿದೆ ಎಂಬುದಕ್ಕೇ ನನಗೆ ನಾಚಿಕೆಯಾಗುತ್ತಿತ್ತು.

ಅವರು ಹಾಸಿಗೆ ಹಿಡಿದಾಗ ಒಮ್ಮೆ ನೋಡಲು ಹೋದೆ. ತೊಟ್ಟಿ ಕಾಣುವಂತೆ ಮಂಚ ಹಾಕಿಸಿಕೊಂಡಿದ್ದರು. ನನ್ನ ಕಡೆ ತಿರುಗದೆ ಕೇಳಿದರು.

"ಅವತ್ತು ನೀನು ನೋಡಿದ್ದಿ, ಅಲ್ವಾ?"

"ಇಲ್ಲ ಮಾವ. ನಾನು ಬಡಿಸುತ್ತಿದ್ದೆ."

"ಬಡಿಸುವವರಿಗೆ ಎಲ್ಲ ಕಾಣ್ತದೆ ಮಗಾ," ಎಂದರು.

ಮಾವ ತೀರಿಹೋದರು. ಈಗ ಆ ಚಾವಡಿಯಲ್ಲಿ ತೊಟ್ಟಿ ಇಲ್ಲ. ಕೆಂಪು ನೆಲದ ಮೇಲೆ ಅದರ ಸ್ಟ್ಯಾಂಡಿನ ಕಾಲಿನ ಗುರುತು ಮಾತ್ರ ಉಂಟು. ಮಗಳು ಅದರ ಮೇಲೆ ಏನನ್ನೂ ಇಟ್ಟಿಲ್ಲ. ಬಕೆಟಿನ ನೀರನ್ನು ಮರದ ಬುಡಕ್ಕೇ ಚೆಲ್ಲಿದೆ. ಅಂಗಳ ಗುಡಿಸಿ ಮುಗಿದಾಗ ನೋಡಿದರೆ ಹುಳ ತಿನ್ನದ ಎಲೆಗಳನ್ನು ಕೈ ತಾನಾಗಿಯೇ ಬೇರೆ ಆರಿಸಿ ಇಟ್ಟಿತ್ತು. ಅವನ್ನು ಹಿಡಿದುಕೊಂಡು ಗೋಡೆಯವರೆಗೂ ಹೋದೆ.