ಬೂಟುಗಾಲಲ್ಲಿ ಅಳೆದ ಮನೆ

ಮದುವೆಯಾದ ಹನ್ನೊಂದು ವರ್ಷದಲ್ಲಿ ನಾನು ಒಂಬತ್ತು ಮನೆ ಬದಲಾಯಿಸಿದವಳು. ಒಂಬತ್ತೂ ಸರ್ಕಾರದ್ದು. ಮಿಲಿಟರಿ ಕ್ವಾರ್ಟರ್ಸ್ ಅಂದ್ರೆ ಹೇಗೆ ಗೊತ್ತಾ, ನಾವು ಒಳಗೆ ಕಾಲಿಡುವಾಗಲೇ ಒಬ್ಬ ರಿಜಿಸ್ಟರ್ ಹಿಡ್ಕೊಂಡು ಬಂದು ಫ್ಯಾನೆಷ್ಟು, ಬಲ್ಬೆಷ್ಟು, ಕಿಟಕಿ ಗಾಜೆಷ್ಟು ಅಂತ ಬರ್ಕೊಂಡು ಹೋಗ್ತಾನೆ. ಬಿಡುವಾಗ ಅವನೇ ಮತ್ತೆ ಬಂದು ಗೋಡೆ ಮೇಲೆ ಕೈಯಾಡಿಸ್ತಾನೆ. ಮೊಳೆ ಹೊಡೆದ ತೂತು ಕಂಡಿತೋ, ನಮ್ಮವರಿಗೆ ಮಂಗಳಾರತಿ. ಅದಕ್ಕೇ ಮನೆ ಬಿಡೋ ಹಿಂದಿನ ದಿನ ನಾನು ಬಿಳಿ ಟೂತ್‌ಪೇಸ್ಟ್ ತಗೊಂಡು ತೂತುಗಳಿಗೆಲ್ಲ ಮೆತ್ತುತ್ತಾ ಕೂತಿರ್ತಿದ್ದೆ. ನಮ್ಮನೇಲಿ ಹಲ್ಲಿಗಿಂತ ಗೋಡೆಗೇ ಪೇಸ್ಟ್ ಜಾಸ್ತಿ ಖರ್ಚಾಗಿದೆ.

ಯಾರನ್ನೂ ಕೇಳದೆ ಒಂದು ಮೊಳೆ ಹೊಡೆಯೋಕೆ ಒಂದು ಗೋಡೆ ಬೇಕು ಅನ್ನೋದು ನನ್ನ ಆಸೆ. ಅಷ್ಟೇ. ಬಂಗಲೆ ಕೇಳಲಿಲ್ಲ, ಒಡವೆ ಕೇಳಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಸಿಕಂದರಾಬಾದಿನಲ್ಲಿದ್ದಾಗ ನಮ್ಮವರಿಗೆ ಪೋಸ್ಟಿಂಗ್ ಬಂತು. ಈ ಸಲ ಹಿಮ ಬೀಳೋ ಗಡಿಗೆ. ಅಲ್ಲಿಗೆ ಹೆಂಡತಿ ಮಕ್ಕಳನ್ನ ಕರ್ಕೊಂಡು ಹೋಗೋ ಹಾಗಿಲ್ಲ. ಕ್ವಾರ್ಟರ್ಸ್ ಖಾಲಿ ಮಾಡಿ ಅಂದರು. ಹೋಗೋದೆಲ್ಲಿಗೆ? ತಮಿಳು ಸೀಮೇಲಿ ಪಾಪಿರೆಡ್ಡಿಪಟ್ಟಿ ಹತ್ತಿರದ ಹಳ್ಳೀಲಿ ಅತ್ತೆ ಮನೆಗೆ. ಆ ಮನೇಲಿ ನನ್ನ ಅತ್ತೆ, ಅವರ ತಂಗಿ, ಆ ತಂಗಿಯ ಮಗ ಸೊಸೆ, ನಾಲ್ಕು ಎಮ್ಮೆ, ಒಂದೇ ಒಲೆ. ಆ ಒಲೆ ಮುಂದೆ ಕೂರೋಕೆ ನನಗೆ ಟೋಕನ್ ಕೊಡೋದೊಂದು ಬಾಕಿ. ಹೆಬ್ಬಾವಿನ ಬಾಯಿಗೆ ತಲೆ ಕೊಟ್ಟೇನು, ಅಲ್ಲಿ ಎರಡು ವರ್ಷ ಇರಲಾರೆ ಅಂತ ನಮ್ಮವರಿಗೆ ಹೇಳಿದೆ.

ಅವರೂ ಸುಮ್ಮನೆ ಕೂರಲಿಲ್ಲ. ಸೇವೇಲಿರೋ ಸಿಪಾಯಿಗಳಿಗೂ ರಿಟೈರಾದವರಿಗೂ ಮನೆ ಕೊಳ್ಳೋಕೆ ಅಂತ ಮಿಲಿಟರಿಯವರದ್ದೇ ಒಂದು ಸಾಲ ಇದೆ, ಅದಕ್ಕೆ ಅರ್ಜಿ ಹಾಕಿದರು. ಮಂಜೂರೂ ಆಯ್ತು. ಕುಣಿದಾಡಿಬಿಟ್ಟೆ. ಆಮೇಲೆ ಅದರ ಕೆಳಗೆ ಸಣ್ಣಕ್ಷರದಲ್ಲಿ ಇದ್ದದ್ದನ್ನ ಓದಿದೆ. ಮೂರು ತಿಂಗಳಲ್ಲಿ ಕ್ರಯಪತ್ರ ರಿಜಿಸ್ಟರ್ ಆಗಿ ಅವರ ಆಫೀಸಿಗೆ ಮುಟ್ಟಬೇಕು. ಇಲ್ಲದಿದ್ದರೆ ಮಂಜೂರಾತಿ ರದ್ದು, ಹೊಸ ಯುನಿಟ್‌ನಿಂದ ಮತ್ತೆ ಮೊದಲಿಂದ ಅರ್ಜಿ.

ನಮ್ಮವರು ನಮ್ಮನ್ನ ಊರಿಗೆ ಬಿಡೋಕೆ ಹತ್ತು ದಿನ ರಜ ಹಾಕಿದರು. ಆ ಹತ್ತು ದಿನದಲ್ಲಿ ಒಂದು ಘನಕಾರ್ಯ ಮಾಡಿದರು. ತಾವಿಲ್ಲದಾಗ ಮನೆ ರಿಜಿಸ್ಟರ್ ಮಾಡಿಸೋಕೆ ಒಂದು ಅಧಿಕಾರಪತ್ರ ಬರೆದುಕೊಡಬೇಕಲ್ಲ, ಅದನ್ನ ಅವರಮ್ಮನ ಹೆಸರಿಗೆ ಬರೆದುಕೊಟ್ಟು ಬಂದರು!

"ನಂಗ್ಯಾಕೆ ಬರೀಲಿಲ್ಲ?" ಅಂದೆ.

"ನೀನು ಸ್ಕೂಲಲ್ಲಿ ಮಕ್ಕಳ ಅಡ್ಮಿಷನ್ ಕ್ಯೂನಲ್ಲಿ ನಿಂತಿದ್ದೆ. ಅಮ್ಮ ಪಕ್ಕದಲ್ಲೇ ಇದ್ದಳು."

ಇಷ್ಟು ಹೇಳಿ ರೈಲು ಹತ್ತಿದರು. ಅಂದ್ರೆ ನನಗೆ ಮನೆ ಸಿಗಬೇಕಾದರೆ ಅತ್ತೆಯ ಹೆಬ್ಬೆಟ್ಟು ಬೀಳಬೇಕು. ದೇವರಿಗೆ ಬೇರೆ ಯಾವ ಹೆಬ್ಬೆಟ್ಟೂ ಕಾಣಲಿಲ್ಲವಲ್ಲ ಅಂದ್ಕೊಂಡೆ.

ಆದರೂ ಮನೆ ಬೇಗ ಸಿಕ್ಕಿತು, ಹರೂರಿನಲ್ಲಿ. ಸೇಲಂಗೆ ಹೋಗಿ ನೆಲೆಸಬೇಕು ಅಂತಿದ್ದ ಒಬ್ಬ ಮೇಷ್ಟ್ರು ಮಾರ್ತಿದ್ದರು. ಒಂದು ಹಾಲ್, ಒಂದು ರೂಮು, ಅಡುಗೆಮನೆ, ಹಿಂದೆ ಬಾವಿ, ಬಾವಿ ಪಕ್ಕ ನುಗ್ಗೆಮರ. ಅಡುಗೆಮನೆ ಕಿಟಕಿ ತೆಗೆದರೆ ತಿರುವಣ್ಣಾಮಲೈ ಬಸ್ಸು ತಿರುಗೋದು ಕಾಣುತ್ತೆ. ಗೋಡೆ ಮುಟ್ಟಿ ನೋಡಿದೆ. ಒಳ್ಳೆ ಗಟ್ಟಿ ಗಾರೆ. ಮೊಳೆ ಹೊಡೆದರೆ ನಾಲ್ಕು ತಲೆಮಾರು ಅಲ್ಲಾಡದು.

ಪಟ್ಟಾ ನೋಡಿದ್ದಾಯ್ತು, ಮನೆ ಮೇಲೆ ಸಾಲಗೀಲ ಇಲ್ಲ ಅಂತ ವಿಲ್ಲಂಗ ನೋಡಿದ್ದಾಯ್ತು. ಎಲ್ಲ ಸರಿಯಿದೆ ಅಂತ ಮಿಲಿಟರಿ ಆಫೀಸೂ ಒಪ್ಪಿತು. ಅತ್ತೆ ಮಾತ್ರ ಒಪ್ಪಲಿಲ್ಲ.

"ಮನೆಯಡಿ ನೋಡ್ದೆ ಎಂಗೆ ಎಬ್ಬೆಟ್ಟು ಒತ್ತಲಿ?" ಅಂದರು.

ಮನೆಯಡಿ ಅಂದ್ರೆ ನಮ್ಮ ಕಡೆ ಹಳೇ ಪದ್ಧತಿ. ಮನೆ ಯಜಮಾನನ ಪಾದದ ಉದ್ದಕ್ಕೆ ಒಂದು ಕೋಲು ಕಡಿದು, ಆ ಕೋಲಿನಿಂದ ಒಂದೊಂದು ಕೋಣೆ ಅಳೆಯೋದು. ಹತ್ತಡಿ, ಹನ್ನೊಂದಡಿ, ಹದಿನಾರಡಿ ಬಂದರೆ ಬಾಳ್ವೆ. ಒಂಬತ್ತು, ಹದಿಮೂರು, ಹದಿನೈದು ಬಂದರೆ ಕೈಮುಗಿದು ಹೊರಗೆ ಬರೋದು. ಈಗಿನವರು ಟೇಪು ಹಿಡಿದು ಅಳೀತಾರೆ. ನಮ್ಮತ್ತೆ ಬಿಡಬೇಕಲ್ಲ. "ಟೇಪು ಯಾರ ಕಾಲು? ಕಂಪನಿಯವನ ಕಾಲು. ನನ್ ಮಗನ ಕಾಲಳತೆ ಬೇಕು" ಅಂದರು.

ಮಗ ಇರೋದು ಹಿಮದ ಬೆಟ್ಟದ ಮೇಲೆ. ಸರಿ ಬಿಡು ಅಂತ ಕಾಗದ ಬರೆದೆ. ನಿಮ್ಮ ಕಾಲಳತೆ ಒಂದು ಕಾಗದದ ಮೇಲೆ ಗೀಚಿ ಕೂಡಲೇ ಕಳಿಸಿ, ನಿಮ್ಮಮ್ಮನ ಆರ್ಡರ್ ಅಂತ.

ಇಪ್ಪತ್ತು ದಿನ ಆದ ಮೇಲೆ ದಪ್ಪ ಕಂದು ಕವರ್ ಬಂತು. ದಾರೀಲಿ ಯಾರೋ ಒಡೆದು ನೋಡಿ ಅಂಟಿಸಿ ಸೀಲು ಹಾಕಿದ್ದರು. ಗಡಿಯಿಂದ ಬಂದ ಕಾಗದದಲ್ಲಿ ಬರೀ ಒಂದು ಕಾಲು ನೋಡಿ ಅವರೇನು ಅಂದ್ಕೊಂಡರೋ! ನಾನು ಕೈ ಚಾಚೋದರೊಳಗೆ ಅತ್ತೆ ಕಸಿದುಕೊಂಡು ಕಣ್ಣಿಗೊತ್ತಿಕೊಂಡು ದೇವರ ಗೂಡಲ್ಲಿಟ್ಟರು. ಅರಿಶಿನ ಕುಂಕುಮ ಹಚ್ಚಿದರು, ಕನಕಾಂಬರ ಮುಡಿಸಿದರು. ದಿನಾ ಊದುಬತ್ತಿ ಬೇರೆ. ನನಗೆ ಮುಟ್ಟೋಕೂ ಬಿಡಲಿಲ್ಲ.

ಪಾಪಿರೆಡ್ಡಿಪಟ್ಟಿಯಿಂದ ಆಸಾರಿ ತಾತ ಬಂದರು. ಬಡಗಿ ಕೆಲಸ ಬಿಟ್ಟು ಎಷ್ಟೋ ವರ್ಷ ಆಗಿತ್ತು, ಆದರೆ ಮನೆಯಡಿ ಅಂದ್ರೆ ಸುತ್ತ ಹತ್ತೂರಿಗೆ ಅವರೇ. ಅತ್ತೆ ಆ ಕಾಗದಾನ ತಟ್ಟೇಲಿಟ್ಟು ಅವರ ಮುಂದೆ ಹಿಡಿದರು. ಕಣ್ಣು ಮಂಜಾಗಿದ್ದ ತಾತ ಹಿಮ್ಮಡಿ ಕಡೆ ಒಂದು ಬೆರಳು, ತುದಿ ಕಡೆ ಒಂದು ಬೆರಳು ಇಟ್ಟು, ಆ ಉದ್ದಕ್ಕೆ ಬೇವಿನ ಕೋಲು ಕಡಿದರು. ಎಲ್ಲರೂ ಹರೂರಿಗೆ ಬಸ್ ಹತ್ತಿ ಹೋದೆವು.

ಹಾಲ್ ಅಳೆದರು. ಹದಿಮೂರು. ತಾತ ನಾಲಿಗೆ ಲೊಚಗುಟ್ಟಿದರು. ಅಡುಗೆಮನೆ ಅಳೆದರು. ಒಂಬತ್ತು. ಕೋಲು ಕಂಕುಳಲ್ಲಿಟ್ಟುಕೊಂಡು, "ಸರಿಪ್ಪಟ್ಟು ವರಾದು ತಾಯಿ, ಈ ಮನೆ ಒಪ್ಪಲ್ಲ" ಅಂತ ತಲೆ ಆಡಿಸಿದರು.

"ಅದಿಮೂರು ಬಂದ್ರೆ ಏನು ತಾತ?" ಅತ್ತೆ ಕೇಳಿದರು.

"ಯಜಮಾನ ಮನೇಲಿ ನಿಲ್ಲಲ್ಲ. ಊರೂರು ಅಲೀತಾನೆ."

"ತಾತಾ, ಅವರು ಮಿಲಿಟರಿ! ಅಲೆಯೋದಕ್ಕೇ ಸರ್ಕಾರ ಸಂಬಳ ಕೊಡ್ತಿರೋದು!" ಅಂದೆ. ತಡೆಯೋಕಾಗಲಿಲ್ಲ.

"ಒಂಬತ್ತು ಬಂದ್ರೆ ಎಂಡ್ತಿ ಬಾಯಿ ಜೋರು" ಅಂದರು ತಾತ, ನನ್ನ ಕಡೆ ನೋಡದೆ.

"ಅದು ಈಗಾಗ್ಲೇ ಬಂದೈತೆ ಬುಡು" ಅಂದರು ಅತ್ತೆ.

ಮೇಷ್ಟ್ರು ನಮ್ಮ ಮುಖ ಮುಖ ನೋಡಿದರು. ಇನ್ನೊಂದು ಪಾರ್ಟಿ ಇದೆಯಮ್ಮ, ಟೊಮೇಟೊ ವ್ಯಾಪಾರದವನು, ಅವನು ಕಾಲು ಕೈ ಅಳೆಯೋನಲ್ಲ, ಎಂಟು ದಿನ ಮಾತ್ರ ಕಾಯ್ತೀನಿ ಅಂದರು. ಸಾಲದ ವಾಯಿದೆಗೂ ಉಳಿದದ್ದು ಎರಡೇ ವಾರ. ಬಸ್ಸಲ್ಲಿ ಬರುವಾಗ ನಾನು ಅತ್ತೆ ಪಕ್ಕ ಕೂರಲಿಲ್ಲ. ಹಿಂದಿನ ಸೀಟಲ್ಲಿ ಕೂತು ಸೆರಗಲ್ಲಿ ಮುಖ ಒರೆಸ್ಕೊಂಡೆ. ಎರಡು ದಿನ ಮಾತಾಡಲಿಲ್ಲ. ಅವರೂ ಆಡಲಿಲ್ಲ. ಎಮ್ಮೆಗಳ ಜೊತೆ ಇಬ್ಬರೂ ಚೆನ್ನಾಗಿ ಮಾತಾಡಿದೆವು.

ಮೂರನೇ ದಿನ ಶುಕ್ರವಾರ. ದೀಪ ಬೆಳಗೋಕೆ ದೇವರ ಗೂಡಿಗೆ ಕೈ ಹಾಕಿದೆ. ಕಾಗದ ಕೆಳಗೆ ಬಿತ್ತು. ಎತ್ತಿಕೊಂಡು ಮೊದಲನೇ ಸಲ ಸರಿಯಾಗಿ ನೋಡಿದೆ. ಕಾಲಿಗೆ ಬೆರಳೇ ಇಲ್ಲ! ಮುಂದೆ ದುಂಡಗೆ ತಟ್ಟೆ, ಹಿಂದೆ ಹಿಮ್ಮಡಿ ನೆಟ್ಟಗೆ ಕತ್ತರಿಸಿದ ಹಾಗೆ. ಹನ್ನೊಂದು ವರ್ಷ ಆ ಮನುಷ್ಯನ ಬೂಟಿಗೆ ಪಾಲಿಶ್ ಹಾಕಿದವಳು ನಾನು, ನನಗೆ ಗೊತ್ತಾಗಲ್ವಾ? ಅಟ್ಟದ ಮೇಲಿದ್ದ ಅವರ ಹಳೇ ಹವಾಯಿ ಚಪ್ಪಲಿ ತಂದು ಕಾಗದದ ಮೇಲಿಟ್ಟೆ. ಸುತ್ತಲೂ ಎರಡೆರಡು ಬೆರಳು ಗೆರೆ ಹೊರಗೆ.

"ಅತ್ತೇ! ಬನ್ನಿ ಇಲ್ಲಿ! ನಿಮ್ಮ ಮಗ ಬೂಟು ಹಾಕ್ಕೊಂಡು ಗೀಚಿದಾರೆ!"

ಅತ್ತೆ ಬಗ್ಗಿ ನೋಡಿದರು. ಮಿಲಿಟರಿ ಊಟ ತಿಂದು ಕಾಲು ಬೆಳೆದಿರಬಹುದು ಅಂತ ಒಂದು ಗಳಿಗೆ ವಾದ ಮಾಡಿದರು. ಆಮೇಲೆ ಬೆರಳಿಲ್ಲದ್ದು ಕಂಡಿತು. ಕೆನ್ನೆ ಕೆನ್ನೆ ಬಡ್ಕೊಂಡರು.

"ಅಯ್ಯಯ್ಯೋ ಮುರುಗಾ! ಇಷ್ಟು ದಿನ ಎಕ್ಕಡಕ್ಕೆ ಊದುಬತ್ತಿ ಹಚ್ಚಿದ್ನಲ್ಲೋ! ಕನಕಾಂಬರ ಬೇರೆ ಮುಡಿಸಿದ್ನಲ್ಲೋ!"

ನನಗೆ ನಗು ತಡೀಲಿಲ್ಲ. ಅತ್ತೆ ಬೈಯೋಕೆ ಬಾಯಿ ತೆಗೆದವರು ತಾವೇ ನಕ್ಕುಬಿಟ್ಟರು. ನಕ್ಕು ನಕ್ಕು ನೆಲದ ಮೇಲೆ ಕೂತರು. ನನಗೆ ಗೊತ್ತಿದ್ದ ಹಾಗೆ ನಾವಿಬ್ಬರೂ ಜೊತೆಗೆ ನಕ್ಕಿದ್ದು ಅದೇ ಮೊದಲು.

ಆಮೇಲೆ ಬಂದ ಕಾಗದದಲ್ಲಿ ಅವರು ಬರೆದಿದ್ದರು, ಇಲ್ಲಿ ಬೂಟು ಬಿಚ್ಚಿದರೆ ಬೆರಳು ಉಳಿಯಲ್ಲ, ಎರಡು ಜೊತೆ ಕಾಲುಚೀಲದ ಮೇಲೆ ಬೂಟು, ಅಡಿ ಅಂದ್ರೆ ಅಡಿ ತಾನೇ ಅಂತ. ಬುದ್ಧಿವಂತರು!

ತಾತನನ್ನ ಮತ್ತೆ ಹರೂರಿಗೆ ಕರ್ಕೊಂಡು ಹೋದೆವು. ಹಳೇ ಚಪ್ಪಲೀನ ಸೆರಗಿನ ಮರೇಲಿ ಒಯ್ದಿದ್ದೆ. ಅದನ್ನ ಕಂಡಿದ್ದೇ ತಾತ ಎರಡು ಹೆಜ್ಜೆ ಹಿಂದೆ ಹೋದರು. ಚಪ್ಪಲೀಲಿ ಮನೆ ಅಳೆದರೆ ನನ್ನ ವಂಶ ಉಳಿಯುತ್ತಾ, ಬರಿಗಾಲು ಬೇಕು, ಯಜಮಾನನ ಬರಿಗಾಲು ಅಂದರು. ಇನ್ನೊಂದು ಕಾಗದ ಬರೆದು ತರಿಸೋಕೆ ಟೈಮೆಲ್ಲಿದೆ? ನಾನು ಅಡುಗೆಮನೆ ಬಾಗಿಲಿಗೆ ಒರಗಿ ನಿಂತೆ. ಮುಗೀತು, ಒಂದೇ ಒಲೆ, ನಾಲ್ಕು ಎಮ್ಮೆ ಅಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಅತ್ತೆ ಎದುರಿಗೆ ಅಳಬಾರದು ಅಂತ ಹನ್ನೊಂದು ವರ್ಷ ಹಟ ಹಿಡಿದವಳು, ಅವತ್ತು ಅತ್ತುಬಿಟ್ಟೆ.

ಅತ್ತೆ ನನ್ನನ್ನೇ ನೋಡ್ತಿದ್ದರು. ಆಮೇಲೆ ನನ್ನ ಕಾಲು ನೋಡಿದರು.

"ತಾತ, ಇವಳ ಕಾಲು ಅಳಿ" ಅಂದರು.

"ಎಂಗಸಿನ ಕಾಲಾ? ಯಜಮಾನ್ರು..."

"ಅವನು ವರ್ಸಕ್ಕೆ ಎರಡು ತಿಂಗಳು ಬರೋನು. ಅಡುಗೆ ಮಾಡೋಳು ಇವಳು, ಬಾವೀಲಿ ನೀರು ಸೇದೋಳು ಇವಳು, ಮಕ್ಕಳನ್ನ ಸ್ಕೂಲಿಗೆ ಕಳ್ಸೋಳು ಇವಳು. ಅವನ ಕಾಲು ತಗಂಡು ಏನ್ ಮಾಡ್ತೀಯಾ? ಅಳಿ ಅಂದ್ರೆ ಅಳಿ."

ತಾತ ಗೊಣಗಿಕೊಂಡು ನನ್ನನ್ನ ನೆಲದ ಮೇಲೆ ನಿಲ್ಲಿಸಿದರು. ನನ್ನ ಪಾದದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಕಚಗುಳಿ ಆಯ್ತು, ಆದರೆ ಅಲ್ಲಾಡಲಿಲ್ಲ. ಬೇವಿನ ಕೋಲನ್ನ ಅಷ್ಟುದ್ದಕ್ಕೆ ಕಡಿದರು. ಹಾಲ್ ಅಳೆಯೋಕೆ ಶುರು ಮಾಡಿದರು. ಅತ್ತೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಸರೀತಾ ಸರೀತಾ ಎಣಿಸಿದರು. ಹದಿನಾಲ್ಕು. ಹದಿನೈದು. ನಾನು ಕಣ್ಣು ಮುಚ್ಚಿಕೊಂಡೆ.

"ಅದಿನಾರು!" ಅತ್ತೆ ಕೂಗಿದ ಕೂಗಿಗೆ ಮೇಷ್ಟ್ರು ಬಾವಿ ಹತ್ತಿರದಿಂದ ಓಡಿಬಂದರು. ಇನ್ನೂ ಮೂರು ನಾಲ್ಕು ಬೆರಳು ಜಾಗ ಉಳಿದಿತ್ತು. ತಾತ ಅದನ್ನ ನೋಡಿದರು. ಅತ್ತೆ ತಾತನನ್ನ ನೋಡಿದರು. "ಅದಿನಾರೇ" ಅಂದರು ತಾತ. ಅಡುಗೆಮನೆ ಹನ್ನೊಂದು ಬಂತು.

ಅದಾದ ನಾಲ್ಕನೇ ದಿನ ಪತ್ರ ರಿಜಿಸ್ಟರ್ ಮಾಡೋ ಆಫೀಸಲ್ಲಿ ಅತ್ತೆ ಹೆಬ್ಬೆಟ್ಟು ಒತ್ತಿದರು. ಶಾಯಿ ಒರೆಸ್ಕೊಳ್ತಾ, "ನಾನು ಬಂದ ಮನೆ ನಮ್ಮ ಮಾವನ ಕಾಲಳತೇದು. ನನ್ ಕಾಲು ಎಷ್ಟುದ್ದ ಐತೆ ಅಂತ ಯಾರೂ ಕೇಳ್ಲೇ ಇಲ್ಲ ಕಣೇ" ಅಂದರು. ಪಕ್ಕದ ಅಂಗಡೀಲಿ ಇಬ್ಬರೂ ಟೀ ಕುಡಿದೆವು. ಕ್ರಯಪತ್ರ ವಾಯಿದೆಗೆ ಎರಡು ದಿನ ಮುಂಚೆ ಮಿಲಿಟರಿ ಆಫೀಸಿಗೆ ಮುಟ್ಟಿತು.

ನಮ್ಮವರು ರಜಕ್ಕೆ ಬಂದದ್ದು ಏಳು ತಿಂಗಳ ಮೇಲೆ. ಅತ್ತೆ ಆಗ ನಮ್ಮ ಜೊತೇಲೇ ಇದ್ದರು, ನುಗ್ಗೆಮರ ನೋಡ್ಕೊಳ್ಳೋಕೆ ಬಂದವರು ಎಮ್ಮೆಗಳನ್ನ ತಂಗಿಗೆ ಒಪ್ಪಿಸಿ ಉಳಿದುಬಿಟ್ಟಿದ್ದರು. ಇವರು ಬಂದವರೇ ಬೂಟು ಬಿಚ್ಚಿ, ಕಾಲು ತೊಳೆದು, ಗೋಡೆಯಿಂದ ಗೋಡೆಗೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದರು.

"ಹದಿನೈದು ಬರುತ್ತಲ್ಲೇ!" ಮುಖ ಸಣ್ಣಗಾಯ್ತು. "ಹದಿನೈದು ದರಿದ್ರ ಅಲ್ವಾ ಅಮ್ಮ?"

"ಲೇ, ನಿಲ್ಸಲಾ" ಅಂದರು ಅತ್ತೆ, ಅಕ್ಕಿಯಲ್ಲಿ ಕಲ್ಲು ಆರಿಸ್ತಾ. "ನಿನ್ ಕಾಲು ಇಲ್ಲಿ ಲೆಕ್ಕಕ್ಕಿಲ್ಲ. ಇದು ಅವಳ ಕಾಲಿನ ಮನೆ."

ಅವರು ಟ್ರಂಕಿನಿಂದ ಯೂನಿಫಾರ್ಮ್ ತೆಗೆದರು, ಒಂದು ಮೊಳೆ ತೆಗೆದರು, ಸುತ್ತಿಗೆ ಹುಡುಕಿಕೊಂಡು ಬಂದು ಗೋಡೆ ಮುಂದೆ ನಿಂತರು. ಹೊಡೆಯಲಿಲ್ಲ. ಅಭ್ಯಾಸ ಬಲ, ಯಾರನ್ನಾದರೂ ಕೇಳಬೇಕು ಅನ್ನಿಸಿರಬೇಕು. ಮೊದಲು ಅಮ್ಮನ ಕಡೆ ನೋಡಿದರು. ಅತ್ತೆ ತಲೆ ಎತ್ತಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ಇಲ್ಲಿ ಒಂದು ಮೊಳೆ ಹೊಡೀಲಾ?"

ಒಂಬತ್ತು ಮನೆ ಸುತ್ತಿ ಬಂದಿದ್ದೆ ನಾನು. ಮೊಳೆ ಹೊಡೀಲಾ ಅಂತ ನನ್ನನ್ನ ಕೇಳಿದವರು ಅವರೇ ಮೊದಲು.

"ಸ್ವಲ್ಪ ಮೇಲೆ" ಅಂದೆ.