ಒಂದು ಎಲೆ ಖಾಲಿ

ಬಾಳೆಎಲೆಯ ಕರೆ ಹಿಡಿದು ಅವರ ಬಲಗೈ ಹೆಬ್ಬೆರಳು ಸದಾ ಕಪ್ಪಗಿರುತ್ತಿತ್ತು. ಆನಂದಪುರದ ಸುತ್ತ ನಮ್ಮವರ ಮನೆಗಳಲ್ಲಿ ಏನೇ ಕಾರ್ಯವಾದರೂ ಅಡುಗೆಗೆ ಅವರೇ. ನಮಗೆಲ್ಲ ಅವರು ಅಡುಗೆ ಅತ್ತೆ. ಎಲೆಗಳನ್ನು ತಾವೇ ತಲೆಗೊಂದರಂತೆ ಎಣಿಸಿ ಹಾಕುತ್ತಿದ್ದರು. ಬಡಿಸುವಾಗ ಖಾಲಿ ಎಲೆ ಕಂಡರೆ ಅವರ ಸೌಟು ಅಲ್ಲೇ ನಿಲ್ಲುತ್ತಿತ್ತು. ಎಂತಕ್ಕೆ ಎಂದು ಕೇಳಿದರೆ, "ಯಾರೋ ಸಿಟ್ಟು ಮಾಡ್ಕೊಂಡು ಹಿತ್ಲಲ್ಲಿ ಕೂತಿರ್ತಾರೆ ಮಾರಾಯ್ತಿ, ಕರ್ಕೊಂಬಾ" ಎನ್ನುತ್ತಿದ್ದರು.

ನಾನು ಸಾಗರದಲ್ಲಿ ಡಿಗ್ರಿ ಕೊನೆಯ ವರ್ಷದಲ್ಲಿದ್ದೆ. ಹೆಣ್ಣುಮಕ್ಕಳಿಗೆ ಹತ್ತು ದಿನದ ಧರ್ಮಶಿಬಿರವೆಂದು ಸಮಾಜದ ಹಿರಿಯರು ಮನೆಮನೆಗೆ ಬಂದರು. ಬರುತ್ತೀರಾ ಎಂದು ಯಾರೂ ಕೇಳಲಿಲ್ಲ; "ನಿಮ್ಮನೆಯಿಂದ ಯಾರ ಹೆಸ್ರು ಬರ್ಕೊಳ್ಲಿ?" ಎಂದರು. ಕಳಿಸದ ಮನೆಯವರ ಹೆಸರನ್ನು ಸಭೆಯಲ್ಲಿ ಓದುತ್ತಾರೆಂದು ಅಪ್ಪನಿಗೆ ಗೊತ್ತಿತ್ತು. ನಾನು ಒಪ್ಪಿದೆ. ಹೊಸನಗರದ ನನ್ನ ಗೆಳತಿ ಒಪ್ಪಿರಲಿಲ್ಲ. "ನಾನಿರ್ತೀನಲ್ಲ, ಬಾರೇ" ಎಂದು ಅವಳನ್ನು ಎಳೆದುಕೊಂಡು ಹೋದವಳು ನಾನೇ.

ಶಿಬಿರ ಹಿನ್ನೀರಿನ ದಡದಲ್ಲಿತ್ತು. ಫೋನುಗಳೆಲ್ಲ ಮೊದಲ ದಿನವೇ ಟ್ರಂಕಿಗೆ ಸೇರಿ ಬೀಗ ಬಿತ್ತು. ಅಡುಗೆಗೆ ಅತ್ತೆ ಬಂದಿದ್ದದ್ದೊಂದೇ ಸಮಾಧಾನ. ದಿನಾ ಬೆಳಿಗ್ಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಜಪ. ಶಿಬಿರ ನಡೆಸುತ್ತಿದ್ದ, ನಾವೆಲ್ಲ ಅಕ್ಕ ಎನ್ನುತ್ತಿದ್ದವರು ಬಯಲುಸೀಮೆಯವರು, ನಮಗಿಂತ ಮೂರ್ನಾಲ್ಕು ವರ್ಷ ದೊಡ್ಡವರಿರಬೇಕು. ನೀರಿನಡಿ ಮುಳುಗಿದ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ, ಒಂದು ಗದ್ದೆಯ ಅಂಚು ದಾಟಿದರೆ ಕಾಲಿಗೆ ನೆಲ ಸಿಗುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ನಾಲ್ಕನೆಯ ದಿನ ಗೆಳತಿ ನೀರಿಗಿಳಿಯಲಾರೆ ಎಂದಳು. ಅಕ್ಕ ಗದರಲಿಲ್ಲ. ನಮ್ಮೆಲ್ಲರ ಜಪ ಮುಗಿದ ಮೇಲೆ, "ಶ್ರದ್ಧೆ ಇದ್ರೆ ಹೆದರಿಕೆ ಇರಲ್ಲ. ಜಪ ಮುಗ್ಸಿ ತಿಂಡಿಗೆ ಬಾ" ಎಂದು ಅವಳೊಬ್ಬಳನ್ನೇ ನೀರಿನಲ್ಲಿ ನಿಲ್ಲಿಸಿ ನಮ್ಮನ್ನು ಕರೆದೊಯ್ದರು. ಗೆಳತಿ ನನ್ನ ಕಡೆ ನೋಡಿದಳು. ನಾನು ಹೋಗಿ ಎಲೆಯ ಮುಂದೆ ಕೂತೆ.

ಉಪ್ಪಿಟ್ಟು ಬಡಿಸುತ್ತ ಬಂದ ಅತ್ತೆ ನನ್ನ ಪಕ್ಕದಲ್ಲಿ ನಿಂತರು.

"ಈ ಎಲೆ ಯಾರ್ದು?"

ನಾನು ನನ್ನ ಎಲೆಗೆ ಮತ್ತೆ ನೀರು ಚಿಮುಕಿಸಿದೆ.

"ನಿನ್ನೇ ಕೇಳ್ತಿರೋದು. ಯಾರ್ದು?"

ಹೇಳಿದೆ. ಎಲ್ಲಿದ್ದಾಳೆಂದೂ ಹೇಳಿದೆ. ಪಾತ್ರೆ ಅಲ್ಲೇ ಬಿಟ್ಟು ಅವರು ಓಡಿದರು. ಇದೇ ಹಿನ್ನೀರಿನಾಚೆಯ ತುಮರಿಯಲ್ಲಿ ಹುಟ್ಟಿದವರಿಗೆ ನೀರಿನಡಿ ಏನಿದೆಯೆಂದು ಯಾರೂ ಹೇಳಬೇಕಿರಲಿಲ್ಲ. ಹಿಂದೆಯೇ ಓಡಿ ನಾನು ದಡ ಮುಟ್ಟಿದಾಗ ನೀರಿನ ಮೇಲೆ ಒಂದು ಕೈ ಕಾಣುತ್ತಿತ್ತು, ಅಷ್ಟೇ. "ನನ್ನ ಕೈ ಹಿಡ್ಕೊ, ಬಿಡ್ಬೇಡ" ಎಂದು ಅತ್ತೆ ಗದ್ದೆಯಂಚನ್ನು ಕಾಲಲ್ಲಿ ತಡಕುತ್ತ ಮುಂದೆ ಹೋದರು. ಆ ಕಪ್ಪು ಹೆಬ್ಬೆರಳು ನನ್ನ ಮಣಿಕಟ್ಟನ್ನು ಒತ್ತಿದ್ದು ಈಗಲೂ ನೋಯುತ್ತದೆ. ಇನ್ನೊಂದು ಕೈಯಿಂದ ಅವಳ ಜಡೆ ಹಿಡಿದು ಎಳೆದರು.

ಗೆಳತಿ ಕೆಮ್ಮಿ, ವಾಂತಿ ಮಾಡಿ, ಉಸಿರಾಡಿದಳು. ಶಿಬಿರ ಮುಗಿಯುವವರೆಗೆ ಮನೆಗೆ ತಿಳಿಸುವುದು ಬೇಡವೆಂದು ಅಕ್ಕ ಹೇಳಿದರು. ಅತ್ತೆ ವಾದ ಮಾಡಲಿಲ್ಲ. ಒದ್ದೆ ಸೀರೆಯಲ್ಲೇ ಹೋಗಿ ಒಲೆಗೆ ಒಂದು ಕೊಡ ನೀರು ಸುರಿದರು.

"ಇವ್ಳ ಮನೆಗೆ ಫೋನ್ ಮಾಡೋ ತನ್ಕ ಒಲೆ ಹೊತ್ತಲ್ಲ."

ಟ್ರಂಕಿನ ಬೀಗ ತೆರೆಯಿತು. ಆಮೇಲೆ ಒಲೆ ಹೊತ್ತಿಸಿ, ಗೋಡೆಗೊರಗಿ ಕೂತಿದ್ದ ಅಕ್ಕನಿಗೂ ಕಾಫಿ ಕೊಟ್ಟರು. "ನಿನ್ನೂ ಯಾರೋ ಹೀಗೇ ನಿಲ್ಸಿರ್ತಾರೆ. ಕುಡಿ."

ಅದಾದ ಮೇಲೆ ನಮ್ಮವರ ಮನೆಗಳಿಂದ ಅವರಿಗೆ ಕರೆ ಬರುವುದು ನಿಂತಿತು. ತೀರ್ಥಹಳ್ಳಿಯ ಒಂದು ಮೆಸ್ಸಿನಲ್ಲಿ ಅಡುಗೆಗೆ ಸೇರಿದರು. ನೋಡಲು ಹೋದಾಗ, "ಮದ್ವೆ ಅಡ್ಗೆ ತಪ್ತು, ಕಾಲ್ನೋವಿಗೆ ರೆಸ್ಟ್ ಸಿಕ್ತು ಬಿಡು" ಎಂದು ನಕ್ಕರು. ನಾನು ಎಲೆಯ ಮುಂದೆ ಸುಮ್ಮನೆ ಕೂತಿದ್ದ ಆ ಹೊತ್ತಿನ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ನಾನೇ ಕೇಳಿಕೊಳ್ಳುತ್ತಿರುತ್ತೇನೆ.

ಕಳೆದ ವರ್ಷ ಅವರು ತೀರಿಕೊಂಡರು. ಹನ್ನೆರಡನೆಯ ದಿನದ ಊಟಕ್ಕೆ ಎಲೆ ನಾನು ಹಾಕುತ್ತೇನೆಂದು ಕೇಳಿ ತೆಗೆದುಕೊಂಡೆ. ತಲೆಗೊಂದರಂತೆ ಎಣಿಸಿ ಹಾಕಿದೆ. ಪಂಕ್ತಿ ಕೂತಾಗ ಒಂದು ಎಲೆ ಖಾಲಿಯಿತ್ತು. ಗೆಳತಿಯ ಹೊಸನಗರದ ಬಸ್ಸು ತಡವಾಗಿತ್ತು. "ಬಡ್ಸೋಕೆ ಶುರು ಮಾಡೇ, ಬರ್ತಾಳೆ" ಎಂದರು ಯಾರೋ. ನಾನು ಸೌಟು ಹಿಡಿದು ನಿಂತೇ ಇದ್ದೆ. ಅವಳು ಬಂದು, ಕೈ ತೊಳೆದು, ಕೂತ ಮೇಲೆ ಬಡಿಸಿದೆ.