ವಾಸನೆ ಬಾರದ ಒಂದು ದಿನ

ಊರಿನವರ ಬಾಯಲ್ಲಿ ಅವಳು ಗಾಳಿಯಕ್ಕ. ಹೆಸರು ಕೇಳಿ ದೆವ್ವ ಬಿಡಿಸುವವಳು ಅಂದುಕೊಂಡೀರಿ ಮತ್ತೆ! ಊರಿನ ಬಚ್ಚಲು, ಕಕ್ಕಸು, ಅಡುಗೆಮನೆಗಳ ನೀರೆಲ್ಲ ಹರಿದು ಬಂದು ಸೇರುವ ಶುದ್ಧೀಕರಣ ಘಟಕದಲ್ಲಿ ದೊಡ್ಡ ತೊಟ್ಟಿಗೆ ಗಾಳಿ ಊದುವ ಯಂತ್ರ ನೋಡಿಕೊಳ್ಳುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷವಾಯಿತು. ಗಂಡ ತೀರಿಕೊಂಡಾಗ ಮಗಳಿಗೆ ಎರಡು ವರ್ಷ; ಆ ಮಗಳನ್ನು ಓದಿಸಿ ಟೀಚರ್ ಮಾಡಿದ್ದೂ ಇದೇ ಕೆಲಸ.

ತೊಟ್ಟಿಯಲ್ಲಿರುವುದು ಬರೀ ಕೊಚ್ಚೆಯಲ್ಲ. ಕಣ್ಣಿಗೆ ಕಾಣದ ಕೋಟ್ಯಂತರ ಜೀವಾಣುಗಳಿವೆ. ಗಾಳಿ ಸಿಕ್ಕಿದರೆ ಅವು ಹೊಲಸನ್ನೆಲ್ಲ ತಿಂದು ತೇಗಿ ನೀರನ್ನು ತಿಳಿ ಮಾಡುತ್ತವೆ. ಇಂಜಿನಿಯರ್ ಅವನ್ನು ಬ್ಯಾಕ್ಟೀರಿಯಾ ಅನ್ನುತ್ತಾರೆ, ಗಾಳಿಯಕ್ಕ ‘ನನ್ ಮಕ್ಳು’ ಅನ್ನುತ್ತಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು, ಏನು ಮಾಡೋದು?

ತಿಳಿನೀರು ಹೋಗುವುದು ಕೆಳಗಿನ ಕೆರೆಗೆ. ಘಟಕ ಬರುವ ಮುಂಚೆ ಅದು ಕಪ್ಪು ನೀರಿನ ಗುಂಡಿ, ಸೊಳ್ಳೆಗಳ ತವರುಮನೆ. ಈಗ ಅಂಚಿಗೆಲ್ಲ ಜೊಂಡು ಬೆಳೆದಿದೆ, ಮೀನು ಬಂದಿವೆ, ಮೀನಿನ ಹಿಂದೆ ಹಕ್ಕಿ ಬಂದಿವೆ. ಸುತ್ತಲಿನ ಬಾವಿಗಳಲ್ಲಿ ಬೇಸಿಗೆಯಲ್ಲೂ ನೀರಿದೆ.

“ಕೆರೆ ನೀರು ಕೆಳಗಿಳಿದ್ರೆ ಬಾವಿ, ಮೇಲೆ ಹೋದ್ರೆ ಮೋಡ,” ಎಂದು ಹೊಸದಾಗಿ ಬಂದ ಇಂಜಿನಿಯರಿಗೆ ಅವಳು ಪಾಠ ಹೇಳಿದ್ದಳು. “ನನ್ ಮಕ್ಳು ಬಿಟ್ಟ ಉಸಿರು ಗಿಡಕ್ಕೆ, ಗಿಡ ಬಿಟ್ಟ ಉಸಿರು ನಿಮಗೆ. ಮಧ್ಯಾಹ್ನ ತಣ್ಣಗೆ ಗಾಳಿ ಬೀಸುತ್ತಲ್ಲ ಸಾರ್, ಅದೂ ಕೆರೆ ಪುಣ್ಯ. ಒಂದು ಕೊಂಡಿ ಕಳಚಿದ್ರೆ ಎಲ್ಲಾ ಕೆಟ್ಟ ಹಾಗೇನೇ.”

ಇಷ್ಟೆಲ್ಲ ತಿಳಿದವಳ ಬುದ್ಧಿ ಮಣ್ಣು ತಿಂದದ್ದು ಮಗಳ ಮದುವೆ ಮಾತಿನಲ್ಲಿ. ಹುಡುಗನ ತಾಯಿ, “ಬೀಗಿತ್ತಿ ಕೆಲಸ ಮಾಡೋ ಜಾಗ ನೋಡ್ಬೇಕು” ಅಂದುಬಿಟ್ಟರು. ಮಗಳ ಮುಖ ಬಾಡಿತು.

“ಅಮ್ಮ, ಅವತ್ತೊಂದು ದಿನ ವಾಸನೆ ಬರ್ದೇ ಇರೋ ಹಾಗೆ ಮಾಡಕ್ಕಾಗಲ್ವಾ?” ಎಂದು ಕೇಳುವಾಗ ಅವಳ ಕಣ್ಣಲ್ಲಿ ನೀರಿತ್ತು.

ನೀರು ಬಂದು ಬೀಳುವ ಮೊದಲ ಗುಂಡಿಯಲ್ಲಿ ನಾತ ಇರುವುದು ನಿಜ. ಗಾಳಿಯಕ್ಕ ಉಗ್ರಾಣದಿಂದ ಬ್ಲೀಚಿಂಗ್ ಪೌಡರ್ ತಂದು ಒಂದು ಚೀಲ ಸುರಿದಳು. ನಾತ ಹೋಗಲಿಲ್ಲ. ಎರಡನೆಯದನ್ನೂ ಸುರಿದಳು. ಆ ನೀರು ಮುಂದೆ ಹೋಗುವುದು ತನ್ನ ಮಕ್ಕಳಿರುವ ತೊಟ್ಟಿಗೇ ಎಂದು ಗೊತ್ತಿದ್ದೂ ಮೂರನೆಯದನ್ನು ಸುರಿದಳು, ನಾತ ಅಡಗಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಬೀಗಿತ್ತಿ ಬಂದರು, ಸುತ್ತ ಓಡಾಡಿ ನೋಡಿದರು. “ಅಯ್ಯೋ, ನಾತ ಹೊಡೆಯುತ್ತೆ ಅಂತ ಕರ್ಚೀಫು ಹಿಡ್ಕೊಂಡೇ ಬಂದೆ. ಹೊಡೆದ್ರೂ ಏನಂತೆ ಬಿಡಿ, ನಮ್ಮನೇದೂ ಇದ್ರಲ್ಲೇ ಸೇರಿದ್ಯಲ್ಲ!” ಎಂದು ಗೊಳ್ಳನೆ ನಕ್ಕರು. ಗಾಳಿಯಕ್ಕ ಬ್ಲೀಚಿಂಗಿನ ಖಾಲಿ ಚೀಲಗಳನ್ನು ಕಾಲಲ್ಲೇ ಮೂಲೆಗೆ ತಳ್ಳಿದಳು.

ಮರುದಿನ ಬೆಳಿಗ್ಗೆ ತೊಟ್ಟಿಯ ಮೇಲೆ ಮೊಳದೆತ್ತರ ಬಿಳಿ ನೊರೆ. ಕಂದು ಬಣ್ಣದ ನೀರು ಬೂದಿ ಬಣ್ಣಕ್ಕೆ ತಿರುಗಿತ್ತು. ಮೈಕ್ರೋಸ್ಕೋಪಿನ ಕೆಳಗೆ ಒಂದು ಹನಿ ಇಟ್ಟು ನೋಡಿದಳು. ದಿನಾ ಗಿಜಿಗುಡುವ ಹನಿಯಲ್ಲಿ ಏನೊಂದೂ ಅಲುಗಲಿಲ್ಲ. ಕೆರೆಗೆ ನೀರು ಬಿಡುವ ತೂಬು ಮುಚ್ಚಿದಳು. ಆದರೆ ಊರು ನೀರು ಬಿಡುವುದನ್ನು ನಿಲ್ಲಿಸುತ್ತದೆಯೇ? ಬರುವ ನೀರನ್ನು ತಡೆದಿಡಲು ಇರುವ ಬೇರೆ ತೊಟ್ಟಿ ಒಂದೂವರೆ ದಿನಕ್ಕೆ ತುಂಬುತ್ತದೆ. ತುಂಬಿದರೆ ಹೊಲಸೆಲ್ಲ ನೇರ ಕೆರೆಗೆ.

ಇಂಜಿನಿಯರ್ ಓಡಿಬಂದರು. “ಬಣ್ಣದ ಕಾರ್ಖಾನೆಯವರದೇ ಕಿತಾಪತಿ ಇದು. ಹಿಂದೆ ಒಂದ್ಸಲ ವಿಷದ ನೀರು ಬಿಟ್ಟಿದ್ರಲ್ಲ. ರಿಪೋರ್ಟಲ್ಲಿ ಹಾಗೇ ಬರೀರಿ ಅಕ್ಕ. ಮೊದ್ಲು ಈ ತೊಟ್ಟಿ ಖಾಲಿ ಮಾಡಿಸ್ಬೇಕು.”

ತಪ್ಪಿಸಿಕೊಳ್ಳುವ ದಾರಿ ತಾನಾಗಿಯೇ ತೆರೆದಿತ್ತು. ಹೂಂ ಅಂದರೆ ಸಾಕು, ಕೆಲಸವೂ ಉಳಿಯುತ್ತದೆ, ಬೀಗರ ಮುಂದೆ ಮಾನವೂ ಉಳಿಯುತ್ತದೆ. ಆದರೆ ಬಣ್ಣದ ವಿಷ ಅಂದುಕೊಂಡು ತೊಟ್ಟಿ ಖಾಲಿ ಮಾಡಲು ಮೂರು ದಿನ ಬೇಕು. ಬ್ಲೀಚಿಂಗ್ ಆದರೆ ಗಾಳಿ ಊದಿದರೆ ಸಂಜೆಯೊಳಗೆ ಹಾರಿಹೋಗುತ್ತದೆ, ಖಾಲಿ ಮಾಡುವುದೇ ಬೇಡ.

“ಕಾರ್ಖಾನೆಯವರಲ್ಲ ಸಾರ್, ನಾನೇ. ಮೂರು ಚೀಲ ಬ್ಲೀಚಿಂಗ್. ಬೀಗರು ಬರ್ತಾರೆ ಅಂತ ಹಾಕ್ದೆ. ಬೈಯೋದು ಆಮೇಲೆ ಬೈರಿ, ಮೊದ್ಲು ಪಕ್ಕದೂರಿನ ಘಟಕಕ್ಕೆ ಫೋನ್ ಮಾಡಿ. ಅವರ ತೊಟ್ಟಿಯ ಜೀವಾಣು ನಾಲ್ಕು ಟ್ಯಾಂಕರ್ ಬೇಕು.”

ಹಾಲಿಗೆ ಹೆಪ್ಪು ಹಾಕುವ ಹಾಗೆ ಒಂದು ತೊಟ್ಟಿಯ ಗಸಿಯಿಂದ ಇನ್ನೊಂದು ತೊಟ್ಟಿ ಬದುಕುತ್ತದೆ. ಸಂಜೆಗೆ ಟ್ಯಾಂಕರುಗಳು ಬಂದವು. ಗಾಳಿಯಕ್ಕ ತಾನೇ ಪೈಪು ಹಿಡಿದು ತುಂಬಿಸಿದಳು. ಶಾಲೆ ಮುಗಿಸಿ ಬಂದ ಮಗಳು, “ನಾನೇ ಕೇಳಿದ್ದಲ್ವಾ ಅಮ್ಮ” ಎಂದು ಅತ್ತು, ಪೈಪಿನ ಇನ್ನೊಂದು ತುದಿ ಹಿಡಿದಳು. ಮರುದಿನ ಮಧ್ಯಾಹ್ನ, ತಡೆದಿಟ್ಟ ನೀರು ಅಂಚಿಗೆ ಗೇಣು ಉಳಿದಿದ್ದಾಗ, ಮೈಕ್ರೋಸ್ಕೋಪಿನಡಿ ಒಂದು ಜೀವಿ ಚುರುಕಾಗಿ ಓಡಿತು. ಹಿಂದೆಯೇ ಹತ್ತಾರು. ತಿಳಿಯಾದ ನೀರನ್ನು ಪರೀಕ್ಷಿಸಿ ಇಂಜಿನಿಯರ್ ತೂಬು ತೆರೆಸಿದರು. ಕೆರೆಗೆ ಒಂದು ಹನಿ ಹೊಲಸೂ ಹೋಗಲಿಲ್ಲ.

ವಾರದ ಮೇಲೆ ಆದೇಶ ಬಂತು. ಗಾಳಿಯಕ್ಕನಿಗೆ ನಲ್ಲಿ ನೀರಿನ ಕಚೇರಿಗೆ ವರ್ಗ. ಅಲ್ಲಿ ಕುರ್ಚಿಯಿದೆ, ಫ್ಯಾನಿದೆ, ವಾಸನೆಯ ಸುಳಿವೂ ಇಲ್ಲ.

“ಸಾಯ್ಸಿದ್ದೂ ನಾನೇ, ಬದುಕ್ಸಿದ್ದೂ ನಾನೇ ಸಾರ್. ಇನ್ನು ಸಾಕೋದಕ್ಕೆ ನಾನು ಬೇಡ್ವಾ?” ಎಂದು ಅವಳು ಬಾಯಿಬಿಟ್ಟು ಅತ್ತಳು.

ಇಂಜಿನಿಯರ್ ಮುಖ ತಿರುಗಿಸಲಿಲ್ಲ. “ನಿಜ ಹೇಳಿದ್ರಿ, ಅದಕ್ಕೇ ಕೆಲಸ ಉಳೀತು. ಆದ್ರೆ ಮಗಳು ನಾಳೆ ಇನ್ನೇನಾದ್ರೂ ಕೇಳಿದ್ರೆ ಇಲ್ಲ ಅಂತೀರಾ ಅಕ್ಕ?”

ಇಲ್ಲ ಅನ್ನುತ್ತೇನೆ ಎಂದರೆ ಅದು ಸುಳ್ಳಾಗುತ್ತಿತ್ತು. ಸೊಂಟದಿಂದ ಬೀಗದ ಕೈಗೊಂಚಲು ಬಿಚ್ಚಿ ಅವರ ಕೈಗೆ ಕೊಟ್ಟಳು.